ಪಾಲ್ಮಾ ಕೋರ್ತಾ ಊರಿನ ಸರಾಸರಿ ತಲೆ

ಈ ದ್ವೀಪದಲ್ಲಿ ಇದುವರೆಗೆ ಹುಟ್ಟಿದ ತಲೆಗಳ ಪೈಕಿ ಅತ್ಯಂತ ದೊಡ್ಡ ತಲೆ ಸೆನೋಬಿಯೊ ಯಜಮಾನರದು. ಇದು ಅಭಿಪ್ರಾಯವಲ್ಲ, ಅಳತೆ. ದೊಡ್ಡ ಚಂಡಮಾರುತ ಬಂದ ವರ್ಷ, ಮದುವೆಯ ಟೋಪಿಗೆಂದು ಎದುವಿಹೆಸ್ ಎಂಬ ಟೋಪಿ ಹೊಲಿಯುವ ಮುದುಕಿ ಅವರ ತಲೆಗೆ ಟೇಪು ಸುತ್ತಿದಳು. ಟೇಪು ಹಣೆಯಿಂದ ಹೊರಟು ಹಿಂದಕ್ಕೆ ಹೋಯಿತು, ವಾಪಸು ಬರುವಷ್ಟರಲ್ಲಿ ಮುಗಿದೇ ಹೋಯಿತು. ಉಳಿದಷ್ಟಕ್ಕೆ ಆಕೆ ತನ್ನ ಸೊಂಟದ ಏಪ್ರನ್ನಿನ ದಾರ ಬಿಚ್ಚಿ ಗಂಟು ಹಾಕಬೇಕಾಯಿತು. ಎದುವಿಹೆಸ್ ಈಗಿಲ್ಲ. ಟೇಪನ್ನು ಆಕೆಯ ಜೊತೆಗೇ ಹೂತರು. ಏಪ್ರನ್ನನ್ನು ಅದೇ ಚಂಡಮಾರುತ ಸಮುದ್ರದ ಆಚೆಗೆ ಹಾರಿಸಿಕೊಂಡು ಹೋಯಿತು. ಆದ್ದರಿಂದ ಈ ವಿಷಯದಲ್ಲಿ ಯಾರೂ ಅನುಮಾನಪಡಲು ಕಾರಣವಿಲ್ಲ.

ಆ ದಿನದಿಂದ ಯಜಮಾನರು ತಾಳೆಗರಿಯ ಅಗಲವಾದ ಟೋಪಿಯನ್ನು ತಲೆಯಿಂದ ತೆಗೆದಿಲ್ಲ. ಚರ್ಚಿನೊಳಗೆ ಟೋಪಿ ತೆಗೆಯಬೇಕೆಂಬ ನಿಯಮ ಇರುವುದರಿಂದ ಅವರು ಹೊಸ್ತಿಲಿನ ಆಚೆ ನಿಂತೇ ಪೂಜೆ ಕೇಳುತ್ತಾರೆ. “ನಾನು ಒಳಗೆ ಬಂದು ಟೋಪಿ ತೆಗೆದ್ರೆ ನನ್ನ ಹಿಂದೆ ಕೂತೋರಿಗೆ ಪಾದ್ರಿನೂ ಕಾಣಲ್ಲ, ದೇವರೂ ಕಾಣಲ್ಲ” ಎಂಬುದು ಅವರ ವಿವರಣೆ. ಪಾದ್ರಿಗಳು ಅದನ್ನು ಸೌಜನ್ಯವೆಂದೇ ಭಾವಿಸಿದ್ದಾರೆ.

ಪಾಲ್ಮಾ ಕೋರ್ತಾದ ಪಾರ್ಕಿನ ಎದುರಿಗೆ ಒಂದು ಬಾದಾಮಿ ಮರ. ಅದರ ಕೆಳಗೆ ಬೈಕ್ ಟ್ಯಾಕ್ಸಿಯವರ ಸ್ಟ್ಯಾಂಡು. ಪ್ರತಿಯೊಬ್ಬನಿಗೂ ಕಿತ್ತಳೆ ಬಣ್ಣದ ನಡುವಂಗಿ, ಬೆನ್ನ ಮೇಲೆ ನಂಬರು. ಒಂದನೇ ನಂಬರು ಸೆನೋಬಿಯೊ ಯಜಮಾನರದು. ಒಂದನೇ ನಂಬರಿನವರಿಗೆ ಮರದ ನೆರಳು ಪೂರ್ತಿ ಸಲ್ಲುತ್ತದೆ, ದಿನದ ಮೊದಲ ಸವಾರಿ ಸಲ್ಲುತ್ತದೆ, ಡಾಮಿನೋ ಆಟದಲ್ಲಿ ಜಗಳ ಬಂದರೆ ತೀರ್ಪು ಕೊಡುವ ಅಧಿಕಾರವೂ ಸಲ್ಲುತ್ತದೆ. ಎರಡನೇ ನಂಬರು ನಿಕಾನೋರನದು. ನೆರಳು ಅವನ ಎಡಗಿವಿಯವರೆಗೆ ಬಂದು ಅಲ್ಲಿಗೆ ನಿಲ್ಲುತ್ತದೆ. ಇಷ್ಟು ವರ್ಷದಲ್ಲಿ ಅವನ ಬಲಗಿವಿ ಒಂದು ಬಣ್ಣ, ಎಡಗಿವಿ ಇನ್ನೊಂದು ಬಣ್ಣ ಆಗಿದೆ. ಅವನು ಯಜಮಾನರನ್ನು ಪ್ರೀತಿಯಿಂದ ಮಾವ ಎನ್ನುತ್ತಾನೆ. ಬೆಳಿಗ್ಗೆ ಬಂದ ಕೂಡಲೇ ಅವರ ಆರೋಗ್ಯ ವಿಚಾರಿಸುತ್ತಾನೆ. ಆರೋಗ್ಯ ಚೆನ್ನಾಗಿದೆ ಎಂದರೆ ಸ್ವಲ್ಪ ಮಂಕಾಗುತ್ತಾನೆ.

ಊರಿನಲ್ಲಿ ಹೆಲ್ಮೆಟ್ ಇರಲಿಲ್ಲವೆಂದು ಯಾರೂ ಹೇಳುವಂತಿಲ್ಲ. ಎಲ್ಲರ ಬಳಿಯೂ ಇತ್ತು, ಎಲ್ಲರೂ ಅದನ್ನು ಮೊಣಕೈಗೆ ಹಾಕಿಕೊಳ್ಳುತ್ತಿದ್ದರು. ದೂರದಲ್ಲಿ ಪೊಲೀಸಿನವನು ಕಂಡರೆ ಮೊಣಕೈಯಿಂದ ತಲೆಗೆ, ಅವನು ಮರೆಯಾದರೆ ತಲೆಯಿಂದ ಮೊಣಕೈಗೆ. ಪರಿಣಾಮವಾಗಿ, ಪಾಲ್ಮಾ ಕೋರ್ತಾದಲ್ಲಿ ಒಂದು ತಲೆಮಾರಿನಿಂದ ಯಾರ ಮೊಣಕೈಗೂ ಪೆಟ್ಟಾಗಿಲ್ಲ. ಈ ಸಾಧನೆಯನ್ನು ರಾಜಧಾನಿಯವರು ಮೆಚ್ಚಲಿಲ್ಲ. ಹೊಸದಾಗಿ ಸ್ಥಾಪನೆಯಾಗಿದ್ದ ತಲೆ ಹೊಂದಾಣಿಕೆ ಇಲಾಖೆಯಿಂದ ಸುತ್ತೋಲೆ ಬಂತು. ಊರಿನಲ್ಲಿ ಆವಕಾಡೊ ಮಾರುವ ಧ್ವನಿವರ್ಧಕದ ಗಾಡಿಯೇ ಸರ್ಕಾರಿ ಪ್ರಕಟಣೆಗಳನ್ನೂ ಸಾರುವುದರಿಂದ ಅದು ಜನರ ಕಿವಿಗೆ ಬಿದ್ದದ್ದು ಹೀಗೆ:

“ಆವಕಾಡೊ, ಬೆಣ್ಣೆಯಂಥ ಆವಕಾಡೊ! ಸಮಸ್ತ ಬೈಕ್ ಸವಾರರಿಗೆ ಈ ಮೂಲಕ ತಿಳಿಯಪಡಿಸುವುದೇನೆಂದರೆ, ಹೆಲ್ಮೆಟ್ಟು ತಲೆಗೆ ಸರಿಯಾಗಿ ಹೊಂದತಕ್ಕದ್ದು. ಕೆನ್ನೆ ಒತ್ತತಕ್ಕದ್ದು. ಹಣೆಗೂ ಹೆಲ್ಮೆಟ್ಟಿಗೂ ನಡುವೆ ಬೆರಳು ತೂರತಕ್ಕದ್ದಲ್ಲ. ತಲೆ ಅಲ್ಲಾಡಿಸಿದಾಗ ತಲೆ ಮತ್ತು ಹೆಲ್ಮೆಟ್ಟು ಒಂದೇ ದಿಕ್ಕಿಗೆ ಹೋಗತಕ್ಕದ್ದು. ಇಂದೇ ಕೊಯ್ದದ್ದು, ಕೈಯಲ್ಲಿ ಒತ್ತಿ ನೋಡಿ ತಗೊಳ್ಳಿ!”

ಇದರ ಜೊತೆಗೆ ಪುರಸಭೆಗೆ ಇನ್ನೊಂದು ಆದೇಶ ಬಂದಿತ್ತು. ಹೆಲ್ಮೆಟ್ಟುಗಳನ್ನು ಸರ್ಕಾರವೇ ಕೊಡುತ್ತದೆ; ಅದಕ್ಕಾಗಿ ಊರಿನ ಸರಾಸರಿ ತಲೆಯ ಅಳತೆ ಕಳಿಸಬೇಕು. ಪುರಸಭೆಯ ಅಧ್ಯಕ್ಷರಾದ ಪ್ಲುತಾರ್ಕೊ ಅವರು ಆದೇಶವನ್ನು ಬೀಸಣಿಗೆ ಮಾಡಿಕೊಂಡು ಮರದ ನೆರಳಿಗೆ ಬಂದರು.

“ಸೆನೋಬಿಯೊ, ಸರಾಸರಿ ತಲೆ ಬೇಕಂತೆ.”

“ಸರಾಸರಿ ಅಂದ್ರೇನು ಅಧ್ಯಕ್ಷರೇ?”

“ಎಲ್ಲರ ತಲೆನೂ ಕೂಡಿಸಿ ಭಾಗಿಸ್ಬೇಕಂತಪ್ಪ.”

“ಕೂಡಿಸ್ಬಹುದು. ಭಾಗಿಸೋಕೆ ಜನ ಒಪ್ಪಲ್ಲ.”

ಅಧ್ಯಕ್ಷರು ಇದನ್ನು ಯೋಚಿಸಿರಲಿಲ್ಲ. ಅಲ್ಲದೆ ಪುರಸಭೆಯ ಟೇಪನ್ನು ಸ್ಮಶಾನದ ಜಾಗ ಅಳೆಯಲು ಒಯ್ದವರು ಇನ್ನೂ ತಂದುಕೊಟ್ಟಿರಲಿಲ್ಲ. ಬಿಸಿಲಿನಲ್ಲಿ ಒಬ್ಬೊಬ್ಬನ ಬೆವರಿದ ತಲೆ ಹಿಡಿದು ಅಳೆಯುವ ಉತ್ಸಾಹವೂ ಅವರಿಗಿರಲಿಲ್ಲ.

“ನನ್ನದೇ ಬರ್ಕೊಳ್ಳಿ” ಎಂದರು ಯಜಮಾನರು. “ನನ್ನ ತಲೆಯೊಳಗೆ ಈ ಸ್ಟ್ಯಾಂಡಿನ ತಲೆಗಳೆಲ್ಲಾ ಹಿಡಿಸ್ತವೆ. ಇದಕ್ಕಿಂತ ಸರಾಸರಿ ನಿಮಗೆ ಎಲ್ಲಿ ಸಿಗುತ್ತೆ?”

“ಅದೂ ಸರಿನೇ. ಅಳತೆ ಎಷ್ಟಂತ ಬರೀಲಿ?”

“ಎದುವಿಹೆಸ್ ಅಳೆದದ್ದು ಇದೆಯಲ್ಲ. ಒಂದು ಟೇಪು, ಒಂದು ದಾರ.”

ನಿಕಾನೋರ್ ಬಿಸಿಲಿನ ಕಡೆಯಿಂದ ಕೆಮ್ಮಿದ. “ಒಂದ್ಸಲ ಟೋಪಿ ತೆಗೀರಿ ಮಾವ, ಅಧ್ಯಕ್ಷರು ಕಣ್ಣಾರೆ ನೋಡ್ಲಿ.”

“ಗಾಳಿ ಇದೆ ಕಣೋ. ನೆಗಡಿ ಆದ್ರೆ ಇಷ್ಟು ದೊಡ್ಡ ತಲೆಗೆ ಯಾವ ಡಾಕ್ಟ್ರು ಔಷಧಿ ಕೊಡ್ತಾನೆ?”

ಎಲೆಯೊಂದೂ ಅಲುಗಾಡುತ್ತಿರಲಿಲ್ಲ. ಅಧ್ಯಕ್ಷರು ‘ಒಂದು ಟೇಪು, ಒಂದು ದಾರ’ ಎಂದು ಬರೆದು ಮೊಹರು ಒತ್ತಿದರು. ರಾಜಧಾನಿಯ ತಜ್ಞರು ಇದು ಅತಿಯಾಯಿತೆಂದು ಅಳತೆಯನ್ನು ಅರ್ಧಕ್ಕೆ ಇಳಿಸಿದರು. ಅವರಲ್ಲಿಯೂ ವಿವೇಕವಿದೆ ಎಂಬುದಕ್ಕೆ ಇದೇ ಸಾಕ್ಷಿ.

ಹೆಲ್ಮೆಟ್ಟಿನ ಟೆಂಡರು ಸಿಕ್ಕಿದ್ದು ಇಲಾಖೆಯ ತನಿಖಾಧಿಕಾರಿ ಅಸ್ದ್ರುಬಾಲ್ ಅವರ ಹೆಂಡತಿಯ ತಮ್ಮನಿಗೆ. ಇದರಲ್ಲಿ ಪಕ್ಷಪಾತವೇನೂ ಇಲ್ಲ. ಆತ ಅದುವರೆಗೆ ಪ್ಲಾಸ್ಟಿಕ್ ಬಕೆಟ್ ತಯಾರಿಸುತ್ತಿದ್ದು, ಟೊಳ್ಳು ವಸ್ತುಗಳಲ್ಲಿ ಅನುಭವವಿದ್ದವನು ಆತನೊಬ್ಬನೇ. ಲಾರಿ ಬಂತು. ಹೆಲ್ಮೆಟ್ಟುಗಳೆಲ್ಲಾ ಒಂದೇ ಅಳತೆಯವು. ಕಿರಾಣಿ ಅಂಗಡಿಯವನು ಒಂದನ್ನು ಅಂಗಾತ ಇಟ್ಟು, ಅದರಲ್ಲಿ ಎಷ್ಟು ತೊಗರಿಕಾಳು ಹಿಡಿಸುತ್ತದೆಂದು ನೋಡಿ, ತನ್ನ ಹಳೆಯ ಕೊಳಗವನ್ನು ಅಂದೇ ಮೂಲೆಗಿಟ್ಟ.

ಸವಾರರ ಅನುಭವ ಬೇರೆಯಾಗಿತ್ತು. ನಿಕಾನೋರ್ ಹೆಲ್ಮೆಟ್ ಹಾಕಿಕೊಂಡು ಮಾರುಕಟ್ಟೆಯ ತಿರುವಿನಲ್ಲಿ ಎಡಕ್ಕೆ ನೋಡಿದ. ತಲೆ ಎಡಕ್ಕೆ ಹೋಯಿತು. ಹೆಲ್ಮೆಟ್ಟು ನೇರವಾಗಿ ರಸ್ತೆಯನ್ನೇ ನೋಡುತ್ತಿತ್ತು. ಹೆಲ್ಮೆಟ್ಟಿನ ಒಳಗೋಡೆಯನ್ನು ದಿಟ್ಟಿಸುತ್ತಾ ಅವನು ಸೀದಾ ಆವಕಾಡೊ ಗಾಡಿಗೆ ಹೋಗಿ ಕೂತ. ಮೈಕು ಇನ್ನೂ ಚಾಲೂ ಇದ್ದುದರಿಂದ ಅವನು ಬೈದದ್ದು ಊರಿಗೆಲ್ಲಾ ಸರ್ಕಾರಿ ಪ್ರಕಟಣೆಯಾಗಿ ಕೇಳಿಸಿತು. ಇಬ್ಬರು ಅದನ್ನು ಪಾಲಿಸಿಯೂಬಿಟ್ಟರು.

ದೂರು ರಾಜಧಾನಿಗೆ ಹೋಗಿ, ಮರುವಾರ ಶನಿವಾರ ಅಸ್ದ್ರುಬಾಲ್ ಅವರೇ ಖುದ್ದಾಗಿ ಬಂದರು. ಮರದ ಕೆಳಗೆ ಕುರ್ಚಿ ಹಾಕಿಸಿಕೊಂಡು ಇಲಾಖೆಯ ನಿಲುವನ್ನು ಸ್ಪಷ್ಟಪಡಿಸಿದರು.

“ಹೆಲ್ಮೆಟ್ಟು ಟೆಂಡರ್ ಮೂಲಕ ಬಂದಿದೆ. ಟೆಂಡರ್ ಮೂಲಕ ಬಂದದ್ದು ತಪ್ಪಾಗೋಕೆ ನಿಯಮದಲ್ಲಿ ಅವಕಾಶ ಇಲ್ಲ. ನಿಮ್ಮ ತಲೆಗಳು ಟೆಂಡರ್ ಮೂಲಕ ಬಂದಿವೆಯಾ?”

“ಇಲ್ಲ ಸಾಹೇಬ್ರೇ” ಎಂದ ನಿಕಾನೋರ್. “ನಮ್ಮಮ್ಮ ಕೊಟ್ಟಿದ್ದು.”

“ಅದೇ ತೊಂದರೆ.”

ಪರೀಕ್ಷೆ ಆರಂಭವಾಯಿತು. ಒಬ್ಬೊಬ್ಬನಿಗೂ ಹೆಲ್ಮೆಟ್ ಹಾಕಿಸಿ ತಲೆ ಅಲ್ಲಾಡಿಸಲು ಹೇಳಿದರು. ಯಜಮಾನರು ಆಗಲೇ ಸವಾರಿಯ ನೆಪದಲ್ಲಿ ಮಾಯವಾಗಿದ್ದರು. ಸ್ಟ್ಯಾಂಡಿನ ಉಳಿದ ಅಷ್ಟೂ ತಲೆಗಳು ಒಂದು ಕಡೆ, ಹೆಲ್ಮೆಟ್ಟುಗಳು ಇನ್ನೊಂದು ಕಡೆ. ಹಣೆಯ ಸಂದಿಯಲ್ಲಿ ಬೆರಳೇನು, ಸಾಹೇಬರು ತಮ್ಮ ಊಟದ ಬುತ್ತಿಯನ್ನೇ ತೂರಿಸಬಹುದಿತ್ತು. ಎಲ್ಲ ತಲೆಗಳನ್ನೂ ‘ಅಸಮರ್ಪಕ’ ಎಂದು ದಾಖಲಿಸಲಾಯಿತು. ತಲೆ ಸರಿಪಡಿಸಿಕೊಳ್ಳಲು ಸೋಮವಾರದವರೆಗೆ ಗಡುವು; ತಪ್ಪಿದರೆ ನಡುವಂಗಿ ಜಪ್ತಿ.

ಅಷ್ಟರಲ್ಲಿ ಪಕ್ಕದ ಬ್ಯೂಟಿ ಪಾರ್ಲರಿನಿಂದ ಬ್ರಿಹಿದಾ ಎಂಬ ಹೆಂಗಸು ಮನೆಗೆ ಹೋಗಲು ಸವಾರಿ ಹುಡುಕಿಕೊಂಡು ಬಂದಳು. ಶನಿವಾರ ಊರಿನ ಹೆಂಗಸರೆಲ್ಲಾ ಕೂದಲು ಗುಂಗುರಾಗಲೆಂದು ತಲೆತುಂಬ ಪ್ಲಾಸ್ಟಿಕ್ ಕೊಳವೆಯಂಥ ರೋಲರ್ ಸುತ್ತಿಸಿಕೊಂಡು, ಮೇಲೆ ಬಲೆ ಬಿಗಿದುಕೊಂಡು, ಭಾನುವಾರದವರೆಗೆ ಹಾಗೆಯೇ ಓಡಾಡುತ್ತಾರೆ. ಅದಿಲ್ಲದೆ ಭಾನುವಾರ ಎಂಬುದು ಬರುವುದೇ ಇಲ್ಲ. ಹಿಂದೆ ಕೂರುವವರಿಗೂ ಪರೀಕ್ಷೆ ಉಂಟೆಂದು ಸಾಹೇಬರು ಆಕೆಯ ತಲೆಗೂ ಹೆಲ್ಮೆಟ್ ಏರಿಸಿದರು. ಅದು ರೋಲರುಗಳ ಮೇಲೆ ಕಿರುಗುಡುತ್ತಾ ಇಳಿದು ಕಚ್ಚಿಕೊಂಡು ಕೂತಿತು. ಆಕೆ ತಲೆ ಅಲ್ಲಾಡಿಸಿದಳು, ಹೆಲ್ಮೆಟ್ಟೂ ಅಲ್ಲಾಡಿತು. ಸಾಹೇಬರು ಬೆರಳು ತೂರಿಸಲು ಹೋಗಿ ಉಗುರು ಮುರಿದುಕೊಂಡರು.

“ಸಮರ್ಪಕ ತಲೆ!” ಎಂದರು ಭಾವುಕರಾಗಿ.

“ಬಿಡ್ರಿ, ನನ್ನ ಗಂಡನ ಎದುರಿಗೂ ಇದೇ ಮಾತು ಹೇಳಿ” ಎಂದಳು ಬ್ರಿಹಿದಾ.

ರಾಜಧಾನಿಗೆ ಫೋನು ಹೋಯಿತು. ಸಂಜೆಯೊಳಗೆ ಆವಕಾಡೊ ಗಾಡಿ ತಿದ್ದುಪಡಿ ಸಾರಿತು: ರೋಲರ್ ಎಂಬುದು ತಲೆಯ ಅವಿಭಾಜ್ಯ ಅಂಗವಾಗಿದ್ದು, ತಲೆ ಸಾಲದವರು ಅದನ್ನು ಸೇರಿಸಿಕೊಂಡು ತಲೆಯನ್ನು ಭರ್ತಿ ಮಾಡಿಕೊಳ್ಳತಕ್ಕದ್ದು.

ಪಾರ್ಲರಿನ ಒಡತಿ ಇಲೋಂಕಾ. ಅವಳ ಬಾಗಿಲಲ್ಲಿ ಭಾನುವಾರ ಗಂಡಸರ ಸಾಲು ಪಾರ್ಕಿನವರೆಗೆ ಬೆಳೆಯಿತು. ಅವಳು ಕೆಲಸಕ್ಕೆ ಒಂದು ಶಿಸ್ತು ತಂದಳು. ತಲೆ ಸ್ವಲ್ಪ ಸಾಲದವರಿಗೆ ಹಳದಿ ರೋಲರ್, ಅದು ತೆಳುವಾದದ್ದು. ಇನ್ನೂ ಸಾಲದವರಿಗೆ ಕೆಂಪು, ಅದು ಮಧ್ಯಮ. ತಲೆಯೇ ಇಲ್ಲವೆನ್ನುವಷ್ಟು ಚಿಕ್ಕ ತಲೆಯವರಿಗೆಂದು ನೇರಳೆ ರೋಲರ್ ಇತ್ತು, ಒಂದೊಂದೂ ನೀರಿನ ಪೈಪಿನಷ್ಟು ದಪ್ಪ. ಅದು ಯಾರಿಗೂ ಬೇಕಾಗಲಿಲ್ಲ. ನಿಕಾನೋರನ ತಲೆ ಬೋಳು. ರೋಲರಿಗೆ ಹಿಡಿತವಿಲ್ಲದೆ, ಬಲೆಯೊಳಗೆ ಕೆಂಪು ರೋಲರುಗಳನ್ನು ಬದನೆಕಾಯಿ ತುಂಬಿದಂತೆ ತುಂಬಿ ಗದ್ದದ ಕೆಳಗೆ ಗಂಟು ಹಾಕಿದಳು.

“ಸೆನೋಬಿಯೊ ಮಾವ, ನೀವೂ ಬರ್ತೀರಾ?” ಎಂದು ಕೂಗಿದ ಅವನು, ಡ್ರೈಯರಿನ ಕೆಳಗಿನಿಂದ.

“ನನಗ್ಯಾಕೋ ಹೆಂಗಸರ ಸಾಮಾನು? ಹೆಲ್ಮೆಟ್ಟು ಮಾಡಿರೋದೇ ನನ್ನ ತಲೆ ನೋಡಿ” ಎಂದರು ಯಜಮಾನರು. ಅದನ್ನು ಕೇಳಿ, ಸಾಲಿನ ಉಸ್ತುವಾರಿಗೆ ನಿಂತಿದ್ದ ಅಸ್ದ್ರುಬಾಲ್ ಸಾಹೇಬರು ತಿರುಗಿ ನೋಡಿದರು.

“ಮಾದರಿ ತಲೆ ನಿಮ್ಮದೇನಾ? ಹಾಗಾದ್ರೆ ನಿಮ್ಮ ಪರೀಕ್ಷೆ ನಾಳೆ, ಕೊನೆಗೆ. ಮಾದರಿಗೆ ಸೇರ್ಪಡೆ ಇರಕೂಡದು. ರೋಲರ್ ಇಲ್ಲದೆ ಬರೀ ತಲೆಗೆ ಹೊಂದಬೇಕು. ಹೊಂದದಿದ್ರೆ ಪುರಸಭೆಗೆ ಸುಳ್ಳು ತಲೆ ತೋರಿಸಿದ ಅಪರಾಧ.”

“ಆಗ ಒಂದನೇ ನಂಬರು ಯಾರಿಗೆ ಹೋಗುತ್ತೆ ಸಾಹೇಬ್ರೇ?” ಎಂದು ಕೇಳಿದ ನಿಕಾನೋರ್, ಬರೀ ಕುತೂಹಲಕ್ಕೆ.

“ಎರಡನೆಯವರಿಗೆ.”

ನಿಕಾನೋರ್ ರೋಲರ್ ತಲೆಯೊಂದಿಗೆ ಎದ್ದು ಹೋಗಿ, ನೆರಳಿನಲ್ಲಿ ಎಲ್ಲೆಲ್ಲಿ ಬೈಕು ನಿಲ್ಲಿಸಿದರೆ ಚೆನ್ನಾಗಿರುತ್ತದೆಂದು ಹೆಜ್ಜೆ ಹಾಕಿ ನೋಡಿ ಬಂದ.

ಮಧ್ಯಾಹ್ನ ಊರೆಲ್ಲಾ ಅನ್ನ, ಹುರುಳಿ, ಮಾಂಸ ಉಂಡು ಬಾಗಿಲು ಮುಚ್ಚಿ ಮಲಗಿದ ಮೇಲೆ ಸೆನೋಬಿಯೊ ಯಜಮಾನರು ಪಾರ್ಲರಿನ ಹಿಂಬಾಗಿಲಿಗೆ ಹೋದರು. ಹವಾಮಾನ ವಿಚಾರಿಸಲು. ಹವಾಮಾನದ ಮಾತು ಬೇಗ ಮುಗಿಯಿತು.

“ಟೋಪಿ ತೆಗೀರಿ” ಎಂದಳು ಇಲೋಂಕಾ.

“ಕದ ಹಾಕು ತಾಯಿ.”

“ಹಾಕಿದೀನಿ. ತೆಗೀರಿ.”

“ಆ ಬೆಕ್ಕು ನೋಡ್ತಿದೆ.”

ಬೆಕ್ಕನ್ನು ಹೊರಗೆ ಹಾಕಲಾಯಿತು. ಯಜಮಾನರು ಟೋಪಿ ತೆಗೆದರು. ಟೋಪಿಯೊಳಗಿನಿಂದ ಮೊದಲು ಒಂದು ಟವೆಲ್ಲು ಬಂತು, ಆಮೇಲೆ ಮಡಿಸಿದ ಹಳೆಯ ಪತ್ರಿಕೆಗಳು ಬಂದವು, ಕಟ್ಟಕಡೆಗೆ ತಲೆ ಬಂತು. ಇಲೋಂಕಾ ಸುತ್ತ ಒಂದು ಸಲ ನಡೆದು ನೋಡಿದಳು. ಹೆಚ್ಚು ನಡೆಯಬೇಕಾಗಲಿಲ್ಲ.

“ಇಷ್ಟೇನಾ ಮಾವ?”

“ಇದು ಮಧ್ಯಾಹ್ನದ ಹೊತ್ತು. ಬಿಸಿಲಿಗೆ ಎಲ್ಲಾ ವಸ್ತುನೂ ಕುಗ್ಗುತ್ತೆ.”

“ಬಿಸಿಲಿಗೆ ಹಿಗ್ಗುತ್ತೆ.”

“ಅದು ಸಣ್ಣ ತಲೆಗಳ ವಿಚಾರ.” ಇಷ್ಟು ಹೇಳಿ ಅವರು ಕುರ್ಚಿಯಲ್ಲಿ ಕುಸಿದರು. ದನಿ ತಗ್ಗಿತು. “ಇಲೋಂಕಾ, ಆ ನೆರಳಲ್ಲಿ ಕೂತೇ ನಾನು ಮುದುಕ ಆಗಿದ್ದು. ಆ ನಂಬರು ಹೋದ್ರೆ ನನ್ನ ಕಥೆ ಕೇಳೋಕೆ ಬಿಸಿಲಿಗೆ ಯಾರು ಬರ್ತಾರೆ ಹೇಳು?”

ಇಲೋಂಕಾ ಪತ್ರಿಕೆಗಳನ್ನು ಬದಿಗೆ ಸರಿಸಿದಳು. “ಮಾಡ್ತೀನಿ. ಆದ್ರೆ ಒಂದು ಷರತ್ತು. ನಮ್ಮಮ್ಮ ಮದುವೆಯಾಗು ಅಂತ ನಿಮ್ಮ ಕಾಲು ಹಿಡಿದಳು ಅಂತ ಊರಲ್ಲಿ ಹೇಳೋದು ಇವತ್ತಿಗೆ ನಿಲ್ಲಿಸ್ಬೇಕು.”

“ಅದು ಸತ್ಯ ಕಣೇ!”

“ಹಾಗಾದ್ರೆ ಈ ಸತ್ಯಾನೂ ಹೊತ್ಕೊಂಡು ಹೋಗಿ” ಎಂದು ಅವಳು ತಲೆಯ ಕಡೆ ಬೊಟ್ಟು ಮಾಡಿದಳು.

ಯಜಮಾನರು ಯೋಚಿಸಿದರು. “ಕಾಲು ಹಿಡೀಲಿಲ್ಲ. ಕೈ ಹಿಡಿದಳು ಅಂತ ಹೇಳ್ಲಾ?”

“ಮಾವ.”

“ಆಯ್ತು. ಊರ ಹಬ್ಬದವರೆಗೆ ಏನೂ ಹೇಳಲ್ಲ.”

ಇಲೋಂಕಾ ಹಳದಿ ಡಬ್ಬಿ ತೆಗೆದು ನೋಡಿ ಮುಚ್ಚಿದಳು. ಕೆಂಪು ಡಬ್ಬಿ ತೆಗೆದಳು, ಅದನ್ನೂ ಮುಚ್ಚಿದಳು. ಆಮೇಲೆ ಕುರ್ಚಿ ಹಾಕಿಕೊಂಡು ಅಟ್ಟದ ಮೇಲಿನಿಂದ ಒಂದು ಡಬ್ಬಿ ಇಳಿಸಿ, ಅದರ ಧೂಳು ಒರೆಸಿದಳು.

ಸೋಮವಾರ ಬೆಳಿಗ್ಗೆ ಸ್ಟ್ಯಾಂಡಿನ ನೋಟ ಇಲಾಖೆಗೆ ಹೆಮ್ಮೆ ತರುವಂತಿತ್ತು. ಗಡ್ಡ ಬಿಟ್ಟವರು, ಮೀಸೆ ತಿರುವಿದವರು, ತೋಳಿನ ಮೇಲೆ ಹುಲಿಯ ಹಚ್ಚೆ ಹಾಕಿಸಿಕೊಂಡವರು, ಎಲ್ಲರೂ ರೋಲರ್ ಸುತ್ತಿಕೊಂಡು ಸಾಲಾಗಿ ನಿಂತಿದ್ದರು. ಅವರ ಹೆಲ್ಮೆಟ್ಟುಗಳು ಬೆಣ್ಣೆಗೆ ಚಾಕು ಹೊಕ್ಕಂತೆ ಕೂತವು. ಎಲ್ಲ ತಲೆಗಳೂ ಸಮರ್ಪಕ. ಒಬ್ಬನ ಗುಂಗುರು ತುಂಬ ಚೆನ್ನಾಗಿ ಬಂದಿರುವುದನ್ನು ಸಾಹೇಬರು ವಿಶೇಷವಾಗಿ ನಮೂದಿಸಿದರು.

ಕೊನೆಗೆ ಮಾದರಿ ತಲೆಯ ಸರದಿ. ಸೆನೋಬಿಯೊ ಯಜಮಾನರು ಟೋಪಿ ಸಮೇತ ಬಾದಾಮಿ ಮರದ ಹಿಂದಕ್ಕೆ ಹೋದರು.

“ಎಲ್ಲಿಗೆ ಮಾವ?” ಎಂದ ನಿಕಾನೋರ್.

“ದೊಡ್ಡ ತಲೆ ತಟ್ಟನೆ ಕಂಡ್ರೆ ಹೆದರ್ಕೊಳ್ಳೋರು ಇರ್ತಾರೆ ಕಣೋ. ಬಸುರಿಯರೂ ನಿಂತಿದಾರೆ.”

ಅವರು ಮರದ ಹಿಂದಿನಿಂದ ಹೆಲ್ಮೆಟ್ ಹಾಕಿಕೊಂಡೇ ಹೊರಗೆ ಬಂದರು. ಅದು ಎರಕ ಹೊಯ್ದಂತೆ ಕೂತಿತ್ತು. ಕೆನ್ನೆ ಒತ್ತಿ ತುಟಿಗಳು ಮೀನಿನಂತೆ ಮುಂದಕ್ಕೆ ಬಂದಿದ್ದವು. ಸಾಹೇಬರು ಬೆರಳು ತೂರಿಸಲು ನೋಡಿದರು, ಹೋಗಲಿಲ್ಲ. ಪಟ್ಟಿ ಎಳೆದರು, ಯಜಮಾನರೇ ಎದ್ದು ಬಂದರು. ಬಗ್ಗಿಸಿ ಅಲ್ಲಾಡಿಸಿದರು; ತಲೆ, ಹೆಲ್ಮೆಟ್ಟು ಎರಡೂ ಒಂದೇ ದಿಕ್ಕಿಗೆ ಹೋಗಿ ಒಟ್ಟಿಗೆ ವಾಪಸು ಬಂದವು. ಪುರಸಭೆಯ ಅಧ್ಯಕ್ಷರು ಚಪ್ಪಾಳೆ ತಟ್ಟಿದರು. ನಿಕಾನೋರ್ ನೆರಳಿನಿಂದ ತನ್ನ ಬೈಕನ್ನು ಮೆಲ್ಲಗೆ ಹಿಂದಕ್ಕೆ ತಳ್ಳಿಕೊಂಡ.

ಅಲ್ಲಿಗೆ ಮುಗಿಯಬೇಕಿತ್ತು. ಸಾಹೇಬರ ಪೆನ್ನು ಕಾಗದದ ಮೇಲೆ ಇಳಿದೂ ಆಗಿತ್ತು. ಆದರೆ ಜನ ಸೇರಿರುವಾಗ ಇಷ್ಟಕ್ಕೇ ನಿಲ್ಲಿಸುವುದು ಯಜಮಾನರ ಜಾಯಮಾನವಲ್ಲ.

“ಇದೇನು ಅಲ್ಲಾಡಿಸೋದು ಸಾಹೇಬ್ರೇ? ಈ ಥರ ಅಲ್ಲಾಡಿಸ್ಬೇಕು. ನಾನು ಹರೆಯದಲ್ಲಿ ಮೆರೆಂಗೆ ಕುಣಿದಾಗ ಈ ತಲೆಯ ಗಾಳಿಗೆ ವಾದ್ಯದವರ ಟೋಪಿ ಹಾರಿಹೋಗ್ತಿದ್ವು. ಈ ಇಲೋಂಕಾಳ ತಾಯಿ ಇದ್ದಳಲ್ಲ, ಅವಳಂತೂ ನನ್ನ ಕಾಲು...”

“ಮಾವ!” ಎಂದು ಕಿರುಚಿದಳು ಇಲೋಂಕಾ ಪಾರ್ಲರಿನ ಬಾಗಿಲಿನಿಂದ.

ತಡವಾಗಿತ್ತು. ಯಜಮಾನರು ತಲೆಯನ್ನು ಎಡಕ್ಕೆ ಬಲಕ್ಕೆ ಬೀಸಿ, ಒಂದು ಸುತ್ತು ತಿರುಗಿ, ಸೊಂಟ ಕುಲುಕಿಸಿ ನಿಂತರು. ಹೆಲ್ಮೆಟ್ಟಿನ ಒಳಗಿನಿಂದ ‘ಟಕ್’ ಎಂಬ ಸದ್ದು ಬಂತು. ಕಿವಿಯ ಪಕ್ಕದಿಂದ ಒಂದು ನೇರಳೆ ರೋಲರ್ ಹೊರಬಿದ್ದು, ಕಲ್ಲುಚಪ್ಪಡಿಯ ಮೇಲೆ ಉರುಳಿಕೊಂಡು ಹೋಗಿ, ನಿಕಾನೋರನ ಬೂಟಿಗೆ ತಾಗಿ ನಿಂತಿತು.

ಆವಕಾಡೊ ಗಾಡಿಯವನು ಮೈಕು ಕೆಳಗಿಳಿಸಿದ.

ನಿಕಾನೋರ್ ಅದನ್ನು ಎತ್ತಿಕೊಂಡು ಎಲ್ಲರಿಗೂ ಕಾಣುವಂತೆ ಹಿಡಿದ. ಅವನ ಎರಡು ಬಣ್ಣದ ಕಿವಿಗಳೂ ಆಗ ಒಂದೇ ಬಣ್ಣಕ್ಕೆ ಬಂದಿದ್ದವು.

“ಮಾವ, ನನ್ನ ಬೋಳು ತಲೆಗೇ ಕೆಂಪು ಸಾಕಾಯ್ತು. ಇದು ನೇರಳೆ. ತಲೆಯೇ ಇಲ್ಲದೋರಿಗೆ ಹಾಕೋದು. ಈ ದ್ವೀಪದ ಅತೀ ದೊಡ್ಡ ತಲೆಯೊಳಗಿಂದ ಇದು ಹೇಗೆ ಬಂತು ಹೇಳಿ ನೋಡೋಣ?”

ಸೆನೋಬಿಯೊ ಯಜಮಾನರು ರೋಲರನ್ನು ನೋಡಿದರು. ಸಾಹೇಬರನ್ನು ನೋಡಿದರು. ನೆರಳನ್ನು ನೋಡಿದರು. ಆಮೇಲೆ ಎರಡೂ ಭುಜ ಮೇಲಕ್ಕೆತ್ತಿ ಇಳಿಸಿದರು.

“ನಾನು ಮೊದಲೇ ಹೇಳಿರ್ಲಿಲ್ವಾ? ಹೆಲ್ಮೆಟ್ಟು ಚಿಕ್ಕದಾಯ್ತು. ಒಳಗೆ ಜಾಗ ಸಾಲದೆ ಅದು ಆಚೆ ಬಂತು.”

ಅಸ್ದ್ರುಬಾಲ್ ಸಾಹೇಬರು ಈ ಮಾತನ್ನು ಕೆಲ ಹೊತ್ತು ತೂಗಿ ನೋಡಿದರು. ಮಾದರಿ ತಲೆ ಸುಳ್ಳಾದರೆ ಹೆಲ್ಮೆಟ್ಟುಗಳು ಸುಳ್ಳು, ಹೆಲ್ಮೆಟ್ಟುಗಳು ಸುಳ್ಳಾದರೆ ಟೆಂಡರು ಸುಳ್ಳು, ಟೆಂಡರು ಸುಳ್ಳಾಗಲು ನಿಯಮದಲ್ಲಿ ಅವಕಾಶವಿಲ್ಲ. ಹೆಲ್ಮೆಟ್ಟು ಚಿಕ್ಕದಾಯಿತೆನ್ನುವುದಾದರೆ ಹೊಸ ಟೆಂಡರಿಗೆ ಅವಕಾಶವಿದೆ. ಅವರ ಮುಖ ಬೆಳಗಿತು. ‘ಮಾದರಿ ತಲೆಯು ನಿರೀಕ್ಷೆಗಿಂತ ದೊಡ್ಡದಿರುವುದು ದೃಢಪಟ್ಟಿದ್ದು, ಮುಂದಿನ ಸರಬರಾಜು ಒಂದು ಅಳತೆ ಹೆಚ್ಚಿನದಾಗಿರತಕ್ಕದ್ದು’ ಎಂದು ಬರೆದು ಮೊಹರು ಒತ್ತಿದರು. ಅಧ್ಯಕ್ಷರು ಸಾಕ್ಷಿ ಸಹಿ ಹಾಕಿದರು. ಆವಕಾಡೊ ಗಾಡಿ ಅದನ್ನು ಸಾರುತ್ತಾ ಹೊರಟಿತು.

ಯಜಮಾನರು ನೆರಳಿಗೆ ಹೋಗಿ ಕೂತರು. ನಿಕಾನೋರ್ ಸ್ವಲ್ಪ ಹೊತ್ತು ರೋಲರ್ ಹಿಡಿದುಕೊಂಡು ಬಿಸಿಲಿನಲ್ಲೇ ನಿಂತಿದ್ದು, ಆಮೇಲೆ ಪಾರ್ಲರಿನ ಬಾಗಿಲಿಗೆ ಹೋದ.

“ಇಲೋಂಕಕ್ಕ, ಈ ನೇರಳೆ ಇನ್ನೂ ಎಷ್ಟಿದಾವೆ? ಹೊಸ ಹೆಲ್ಮೆಟ್ಟು ಬರೋಷ್ಟ್ರಲ್ಲಿ ನನಗೊಂದು ಡಬ್ಬಿ ತೆಗೆದಿಟ್ಟಿರಿ.”